ಊರಿನ ತೊಗರಿ ಊರಲ್ಲೇ ಬೇಳೆಯಾಗಲಿ: ನಲವತ್ತು ಮನೆಗಳಿಗೊಂದು ಲೆಕ್ಕ

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಸಂಕ್ರಾಂತಿ ಹೊತ್ತಿಗೆ ರಾಶಿಯಾದ ತೊಗರಿ ಚೀಲ ತುಂಬಿ ಗಂಜ್ (ಎಪಿಎಂಸಿ ಮಾರುಕಟ್ಟೆ) ಕಡೆ ಹೊರಡುತ್ತದೆ. ಯುಗಾದಿ ಕಳೆಯುವಷ್ಟರಲ್ಲಿ ಅದೇ ಮನೆಯ ಹೆಣ್ಣುಮಕ್ಕಳು ಕಿರಾಣಿ ಅಂಗಡಿಯಲ್ಲಿ ಒಂದೊಂದೇ ಕಿಲೋ ಬೇಳೆ ಕೊಳ್ಳುತ್ತಿರುತ್ತಾರೆ. ಮಾರುವಾಗ ಗಂಜ್ ಹೇಳಿದ ಧಾರಣೆ, ಕೊಳ್ಳುವಾಗ ಅಂಗಡಿ ಹೇಳಿದ ದರ. ಎರಡೂ ಕಡೆ ಬೆಲೆ ಕಟ್ಟುವವರು ಬೇರೆಯವರೇ. ಹೊಟ್ಟು, ನುಚ್ಚು, ಚುನಿ (ಬೀಸುವಾಗ ಬೀಳುವ ಪುಡಿ) ಕೂಡ ಊರು ಬಿಟ್ಟು ಹೋಗುತ್ತವೆ. ಆಮೇಲೆ ದನಕ್ಕೆ ಹಿಂಡಿ ಅಂತ ಅದನ್ನೇ ದುಡ್ಡು ಕೊಟ್ಟು ತರುತ್ತೇವೆ.

ಇದನ್ನು ತಿರುಗಿಸಲು ದೊಡ್ಡ ಕಾರ್ಖಾನೆ ಬೇಡ. ನಲವತ್ತು ಮನೆಯ ಒಂದು ಸಂಘ, 2 ಎಚ್‌ಪಿ ಮೋಟಾರಿನ ಒಂದು ಮಿನಿ ದಾಲ್ ಮಿಲ್, ಮುದ್ರೆ ಬಿದ್ದ ಒಂದು ತಕ್ಕಡಿ, ಗೋಡೆಯ ಮೇಲೆ ಬರೆದ ಒಂದು ಲೆಕ್ಕ ಸಾಕು. ಮೊದಲು ಊರಿನ ಒಲೆಗೆ, ಉಳಿದದ್ದು ಪೇಟೆಗೆ ಎಂಬ ಕ್ರಮವನ್ನು ಮಾತ್ರ ಯಾವ ವರ್ಷವೂ ಬಿಡಬಾರದು.

ಎಷ್ಟು ತೊಗರಿ ಬೇಕು?

ಐದು ಮಂದಿಯ ಮನೆಗೆ ದಿನಕ್ಕೆ ಕಾಲು ಕಿಲೋ ಬೇಳೆ ಹಿಡಿಯಿರಿ. ವರ್ಷಕ್ಕೆ 90 ಕಿಲೋ ಆಗುತ್ತದೆ. ಸಣ್ಣ ಗಿರಣಿಯಲ್ಲಿ ಒಂದು ಕ್ವಿಂಟಲ್ ತೊಗರಿಗೆ 70 ಕಿಲೋ ಬೇಳೆ ಬರುತ್ತದೆಂದು ಲೆಕ್ಕ ಹಾಕಿದರೆ ಮನೆಗೆ ಸುಮಾರು 1.3 ಕ್ವಿಂಟಲ್, ನಲವತ್ತು ಮನೆಗೆ 52 ಕ್ವಿಂಟಲ್ ತೊಗರಿ ಬೇಕು. ಇದರ ಮೇಲೆ ಪೇಟೆಯ ನೂರು ಮನೆಗೆ ತಿಂಗಳಿಗೆ 5 ಕಿಲೋದಂತೆ ವರ್ಷಕ್ಕೆ 60 ಕ್ವಿಂಟಲ್ ಬೇಳೆ ಕೊಡುವುದಾದರೆ ಇನ್ನೂ 86 ಕ್ವಿಂಟಲ್ ತೊಗರಿ. ಒಟ್ಟು 138. ಮಳೆ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಎಕರೆಗೆ 3ರಿಂದ 5 ಕ್ವಿಂಟಲ್ ಇಳುವರಿ ಬರುತ್ತದೆ, ನಡುವಿನ 4 ಹಿಡಿದರೆ ಮನೆಗೊಂದು ಎಕರೆಯ ಬೆಳೆಯಲ್ಲಿ ಇದು ಮುಗಿಯುತ್ತದೆ. ಉಳಿದ ಹೊಲದ ತೊಗರಿ ಎಂದಿನಂತೆ ಗಂಜ್‌ಗೆ ಹೋಗಲಿ. ಇಡೀ ಬೆಳೆಯನ್ನು ಸಂಘಕ್ಕೇ ಕೊಡಬೇಕೆಂದು ಯಾರನ್ನೂ ಕಟ್ಟಿಹಾಕಬೇಡಿ. ಹಾಗೆ ಕಟ್ಟಿದ ಸಂಘ ಮೊದಲ ಧಾರಣೆ ಏರಿಕೆಗೇ ಒಡೆಯುತ್ತದೆ.

ಮೊದಲ ವರ್ಷ ಮಷಿನ್ ಕೊಳ್ಳಬೇಡಿ. ಹತ್ತು ಮನೆಯವರು ಸೇರಿ 10 ಕ್ವಿಂಟಲ್ ತೊಗರಿಯನ್ನು ಹತ್ತಿರದಲ್ಲಿ ಈಗಾಗಲೇ ಓಡುತ್ತಿರುವ ಮಿನಿ ಮಿಲ್‌ಗೆ ಕೂಲಿ ಕೊಟ್ಟು ಬೀಸಿಸಿ. ಬೇಳೆ, ನುಚ್ಚು, ಹೊಟ್ಟು ಮೂರನ್ನೂ ಬೇರೆ ಬೇರೆ ತೂಗಿ ಬರೆದಿಟ್ಟುಕೊಳ್ಳಿ. ನಿಮ್ಮ ಹೊಲದ ತೊಗರಿಗೆ 70 ಬರುತ್ತದೋ 65 ಬರುತ್ತದೋ ಎಂಬುದು ಗೊತ್ತಾಗುವುದೇ ಆ ವರ್ಷದ ಗಳಿಕೆ.

ಹೊಲದಿಂದಲೇ ಶುರು

ವರ್ಷ ವರ್ಷವೂ ಅದೇ ಹೊಲಕ್ಕೆ ತೊಗರಿಯೊಂದನ್ನೇ ಹಾಕುತ್ತಾ ಬಂದರೆ ಮಣ್ಣಿನಲ್ಲಿ ನೆಟೆ ರೋಗದ ಶಿಲೀಂಧ್ರ ಬೀಡು ಬಿಡುತ್ತದೆ. 2022ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದನ್ನು ಈ ಜಿಲ್ಲೆ ಕಂಡಿದೆ. ಸಂಘದ ಎಕರೆಗೆ ಮೂರು ಷರತ್ತು ಹಾಕಿಕೊಳ್ಳಿ. ಬೀಜ ನೆಟೆ ತಡೆಯುವ ತಳಿಯದ್ದಿರಲಿ. ಟಿಎಸ್-3ಆರ್, ಜಿಆರ್‌ಜಿ-811 ಇಲ್ಲಿಗೆ ಒಗ್ಗಿವೆ. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಜೈವಿಕ ಪುಡಿ) ಲೇಪಿಸಿ. ಎರಡು ಸಾಲು ಹೆಸರಿಗೆ ಒಂದು ಸಾಲು ತೊಗರಿಯಂತೆ ಕೂರಿಗೆ ಹೂಡಿ. ಹೆಸರು 65-70 ದಿನಕ್ಕೆ ಕೈಗೆ ಬಂದು ಹಬ್ಬದ ಖರ್ಚಿಗಾಗುತ್ತದೆ, ಅದು ಖಾಲಿ ಮಾಡಿದ ಜಾಗದಲ್ಲಿ ತೊಗರಿ ಹರಡಿಕೊಳ್ಳುತ್ತದೆ. ಬಿತ್ತಿದ 45-50 ದಿನಕ್ಕೆ ಕುಡಿ ಚಿವುಟಿದರೆ ಗಿಡ ಪಕ್ಕದ ಟೊಂಗೆ ಒಡೆಯುತ್ತದೆ. ಅದಕ್ಕಿಂತ ತಡವಾದರೆ ಚಿವುಟದೆ ಬಿಡುವುದೇ ಮೇಲು.

ಬದುವಿನ ಅಂಚಿಗೆ ಪುಂಡಿ, ನಡುವೆ ಒಂದೆರಡು ಸಾಲು ಸಜ್ಜೆ, ಹಿಂಗಾರಿ ಜೋಳದ ಹೊಲದಲ್ಲಿ ಕುಸುಬಿ, ಕಡ್ಲಿಯ ಅಕ್ಕಡಿ (ನಡುನಡುವೆ ಬೇರೆ ಬೆಳೆಯ ಸಾಲು) ಇರಲಿ. ಹೊಲದಲ್ಲಿ ಸಾಕಷ್ಟು ಬಗೆ ಉಳಿದಿದೆಯೇ ಎಂದು ನೋಡಲು ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವ ಆ ದಿನ ಭಜ್ಜಿ ಪಲ್ಯಕ್ಕೆ ಬೇಕಾದ ಹಸಿ ತೊಗರಿ, ಅವರೆ, ಕಡ್ಲಿ, ಸೊಪ್ಪುಗಳಲ್ಲಿ ಎಷ್ಟು ಸ್ವಂತ ಹೊಲದ್ದು, ಎಷ್ಟು ಸಂತೆಯದ್ದು ಎಂದು ಎಣಿಸಿ. ಸಂತೆಯದ್ದೇ ಹೆಚ್ಚಾಗಿದ್ದರೆ ಮುಂದಿನ ಮುಂಗಾರಿಗೆ ಸಾಲು ಬದಲಿಸಬೇಕು.

ಬೀದರ್ ಕಡೆ ಸೋಯಾ ಬಂದ ಮೇಲೆ ಉದ್ದು, ಹೆಸರಿನ ಹೊಲ ಕಿರಿದಾಗಿವೆ. ಅಲ್ಲಿಯವರು ಇದೇ ಮಿಲ್‌ನಲ್ಲಿ ಆ ಕಾಳುಗಳನ್ನೂ ಒಡೆಯಬಹುದು. ಆದರೆ ಉದ್ದಿನ ಸಿಪ್ಪೆ ಅಂಟಿನಿಂದ ಗಟ್ಟಿಯಾಗಿ ಕೂತಿರುವುದರಿಂದ ತೊಗರಿಯಲ್ಲಿ ಕೈ ಪಳಗಿದ ಮೇಲೆಯೇ ಅದಕ್ಕೆ ಕೈ ಹಾಕಿ.

ತಕ್ಕಡಿ

ಅನ್ಯಾಯ ಎಲ್ಲಕ್ಕಿಂತ ಮೊದಲು ನುಸುಳುವುದು ತೂಕದಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಮುದ್ರೆಯಿದ್ದರೂ 20 ಕಿಲೋದ ಒಂದು ತೂಕದ ಕಲ್ಲು ಪಕ್ಕದಲ್ಲೇ ಇರಲಿ, ಪ್ರತಿ ಬೆಳಿಗ್ಗೆ ಎಲ್ಲರ ಎದುರು ಅದನ್ನಿಟ್ಟು ನೋಡಿ. ಖಾಲಿ ಚೀಲವನ್ನು ತೂಗಿ ಅಷ್ಟನ್ನೇ ಕಳೆಯಿರಿ. 50 ಕಿಲೋ ಹಿಡಿಯುವ ಸೆಣಬಿನ ಚೀಲ 600 ಗ್ರಾಂ ಆಸುಪಾಸು ಇರುತ್ತದೆ, ಅದಕ್ಕೆ ಒಂದು ಕಿಲೋ ಹಿಡಿಯುವ ರೂಢಿ ನಿಮ್ಮಲ್ಲಿ ಬೇಡ. ಕಸ, ಕಲ್ಲು, ತೇವ ಎಂದು ಅಂದಾಜಿನ ಕಡಿತವೂ ಬೇಡ. ಜರಡಿ ಹಿಡಿದು, ಬಂದ ಕಸವನ್ನೇ ತೂಗಿ ಕಳೆಯಿರಿ. ತೂಗುವವರು ವಾರಕ್ಕೊಬ್ಬರು ಬದಲಾಗಲಿ. ಚೀಟಿ ಎರಡು ಪ್ರತಿ ಇರಲಿ, ಒಂದು ಬೆಳೆದವರ ಕೈಗೆ.

ತೇವಕ್ಕೆ ಹಲ್ಲಿನ ಪರೀಕ್ಷೆ ಸಾಕು. ಕಾಳು ಕಚ್ಚಿದರೆ ಕಟ್ ಎಂದು ಒಡೆಯಬೇಕು. ಹಲ್ಲಿನ ಗುರುತು ಬಿದ್ದು ಚಪ್ಪಟೆಯಾದರೆ ಇನ್ನೂ ಎರಡು ದಿನ ಬಿಸಿಲು ಬೇಕು. ಡಾಂಬರು ರಸ್ತೆಯ ಮೇಲೆ ರಾಶಿ ಮಾಡಿದ ತೊಗರಿಯನ್ನು ತೆಗೆದುಕೊಳ್ಳಬೇಡಿ. ಅದರೊಳಗಿನ ಹರಳು ಗಿರಣಿಯ ರೋಲರನ್ನು ತಿಂದುಹಾಕುತ್ತದೆ, ರಸ್ತೆಯಲ್ಲಿ ಬೈಕಿನವರೂ ಜಾರಿ ಬೀಳುತ್ತಾರೆ.

ಬೇಳೆ ಮಾಡುವ ಬಗೆ

ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಒಂದು ತೆಳು ಪದರ ಇದೆ. ಕಷ್ಟವೆಲ್ಲ ಅದನ್ನು ಸಡಿಲಿಸುವುದರಲ್ಲಿದೆ. ಹಿಂದೆ ನೆನೆಸಿ, ಕೆಮ್ಮಣ್ಣು ಕಲಸಿ, ರಾತ್ರಿ ಗುಡ್ಡೆ ಹಾಕಿ, ಒಣಗಿಸಿ ಬೀಸುಕಲ್ಲಿಗೆ ಹಾಕುತ್ತಿದ್ದರು. ಆ ಬೇಳೆ ಅಂದವಾಗಿ ಇಬ್ಭಾಗವಾದರೂ ಬೇಯಲು ಹೆಚ್ಚು ಹೊತ್ತು ಬೇಕು. ಮಾರುವ ಬೇಳೆಗೆ ಎಣ್ಣೆ ಹಚ್ಚುವ ಒಣ ವಿಧಾನವೇ ಸರಿ. ಕ್ವಿಂಟಲ್ ಲೆಕ್ಕದಲ್ಲಿ ಅದು ಹೀಗೆ.

ಮೊದಲು ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಎಂದು ಎರಡು ಪಾಲು ಮಾಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ನುಚ್ಚು ಹೆಚ್ಚಾಗುವುದೂ ಇದರಿಂದಲೇ. ರೋಲರಿನ ಸಂದು ಒಂದೇ ಅಳತೆಯದ್ದು. ದಪ್ಪ ಕಾಳಿಗೆ ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಜಾರಿಹೋಗುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದಪ್ಪದ್ದು ಪುಡಿಯಾಗುತ್ತದೆ.

ಒಂದು ಸುತ್ತು ಹಗುರವಾಗಿ ರೋಲರಿಗೆ ಬಿಡಿ. ಸಿಪ್ಪೆ ಹೋಗಬೇಕಿಲ್ಲ, ಮೈಮೇಲೆ ಗೀರು ಬಿದ್ದರೆ ಸಾಕು. ಗೀರಿಲ್ಲದ ಕಾಳಿಗೆ ಎಣ್ಣೆ ಇಳಿಯುವುದಿಲ್ಲ, ಮೇಲೇ ಹೊಳೆಯುತ್ತದೆ. ಆಮೇಲೆ 300ರಿಂದ 500 ಗ್ರಾಂ ತಿನ್ನುವ ಎಣ್ಣೆ ಹಾಕಿ, ಎರಡು ಕೈಯಲ್ಲೂ ತಿಕ್ಕಿ ತಿಕ್ಕಿ ಕಲಸಿ. ಅಗಸಿ ಎಣ್ಣೆ ಹಳೆಯ ರೂಢಿ, ಕುಸುಬಿ ಎಣ್ಣೆಯೂ ಆಗುತ್ತದೆ. ಗುಡ್ಡೆ ಹಾಕಿ ಗೋಣಿ ಹೊದಿಸಿ ಒಂದು ರಾತ್ರಿ ಬಿಡಿ.

ಮರುದಿನದಿಂದ ಎರಡು ಮೂರು ದಿನ ಬಿಸಿಲು. ಎರಡು ಇಂಚಿಗಿಂತ ದಪ್ಪ ಹರಡಬೇಡಿ, ಎರಡು ತಾಸಿಗೊಮ್ಮೆ ಕಾಲಲ್ಲಿ ಸಾಲು ಎಳೆದು ತಿರುವಿ. ಸಂಜೆ ಕಾಳು ಬೆಚ್ಚಗಿರುವಾಗಲೇ ಗುಡ್ಡೆ ಮಾಡಿ ಮುಚ್ಚಬೇಕು. ಹಗಲಿನ ಶಾಖ ರಾತ್ರಿಯೆಲ್ಲ ಒಳಗೆ ಸಮನಾಗಿ ಹರಡುತ್ತದೆ. ಕೊನೆಯ ಸಂಜೆ ಎರಡೂವರೆಯಿಂದ ಮೂರು ಲೀಟರ್ ನೀರನ್ನು ಬೇವಿನ ಟೊಂಗೆಯಿಂದ ಚಿಮುಕಿಸುತ್ತಾ ಕಲಸಿ, ಮತ್ತೆ ರಾತ್ರಿ ಮುಚ್ಚಿಡಿ. ನೀರು ಕುಡಿದ ಸಿಪ್ಪೆ ಉಬ್ಬುತ್ತದೆ, ಬೆಳಿಗ್ಗೆ ಮೂರು ನಾಲ್ಕು ತಾಸು ಬಿಸಿಲಿಗೆ ಬಿದ್ದಾಗ ಕುಗ್ಗಿ ಬಿರಿಯುತ್ತದೆ. ಹಿಡಿ ಕಾಳು ಅಂಗೈಯಲ್ಲಿ ಒತ್ತಿ ತಿಕ್ಕಿದಾಗ ಕೆಲವು ಸಿಪ್ಪೆಯಾದರೂ ಕಳಚಿ ಬಿದ್ದರೆ ಗಿರಣಿ ಹಚ್ಚಬಹುದು. ಒಂದೂ ಕಳಚದಿದ್ದರೆ ಇನ್ನೊಂದು ದಿನ ಕಾಯಿರಿ. ಅವಸರದಲ್ಲಿ ಹಚ್ಚಿದ ರಾಶಿಯಿಂದ ನುಚ್ಚೇ ಬರುತ್ತದೆ.

ರೋಲರಿಗೆ ಮೂರು ನಾಲ್ಕು ಸುತ್ತು ಬೇಕಾಗುತ್ತದೆ. ಪ್ರತಿ ಸುತ್ತಿಗೂ ಹೊಟ್ಟು ತೂರಿ, ಬೇಳೆ ಜರಡಿ ಹಿಡಿದು, ಸಿಪ್ಪೆ ಬಿಡದ ಕಾಳನ್ನಷ್ಟೇ ಹಿಂದಕ್ಕೆ ಹಾಕಿ. ಕೆಟ್ಟದ್ದು ಎಲ್ಲಿ ಎಂದು ಬೇಳೆಯೇ ಹೇಳುತ್ತದೆ. ಅಂಚು ದುಂಡಗಾಗಿ ಹಿಟ್ಟು ಹೆಚ್ಚು ಬೀಳುತ್ತಿದ್ದರೆ ಸಂದು ತೀರ ಬಿಗಿ. ಸಿಪ್ಪೆಯ ಚುಕ್ಕಿ ಎಲ್ಲ ಬೇಳೆಯ ಮೇಲೂ ಉಳಿದಿದ್ದರೆ ಎಣ್ಣೆ ಇಳಿದಿಲ್ಲ ಅಥವಾ ಬಿಸಿಲು ಸಾಲದು. ಎರಡಾಗಬೇಕಾದದ್ದು ಮೂರು ನಾಲ್ಕು ಚೂರಾದರೆ ಕಾಳು ಅತಿಯಾಗಿ ಒಣಗಿದೆ, ಇಲ್ಲವೇ ಹಸಿಯಾಗಿ ರಾಶಿ ಮಾಡಿ ಒಮ್ಮೆಲೇ ಸುಡುಬಿಸಿಲಿಗೆ ಹಾಕಿದ್ದಾರೆ.

ಈ ಅಳತೆಯ ಮಿಲ್ ಎಲ್ಲ ಸುತ್ತೂ ಸೇರಿ ದಿನಕ್ಕೆ ಮೂರು ನಾಲ್ಕು ಕ್ವಿಂಟಲ್ ಮುಗಿಸುತ್ತದೆ. 138 ಕ್ವಿಂಟಲ್‌ಗೆ ಮೂವತ್ತೈದರಿಂದ ನಲವತ್ತೈದು ದಿನ ಬೇಕು. ನಾಲ್ಕು ಕ್ವಿಂಟಲ್ ಹರಡಲು 110 ಚದರ ಅಡಿ ಜಾಗ ಬೇಕು. ಐದು ದಿನದ ರಾಶಿಗಳು ಒಟ್ಟಿಗೆ ನಡೆಯುವುದರಿಂದ 550 ಚದರ ಅಡಿಯ ಸಿಮೆಂಟಿನ ಕಣ ಅಥವಾ ಮಾಳಿಗೆ ಹುಡುಕಿ. ಎಲ್ಲವೂ ಮೇ ಮುಗಿಯುವುದರೊಳಗೆ ಆಗಬೇಕು. ಮೋಡ ಕವಿದ ಮೇಲೆ ಒಣಗಿಸುವುದು ಆಗದ ಮಾತು.

ಬೇಗ ಬೀಸಲು ಇನ್ನೊಂದು ಕಾರಣ ಹುಳು. ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಚೀಲದೊಳಗೆ ಬರುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ ಕಂಡರೆ ಅದು ಮೊಟ್ಟೆ. ಇಡಿ ಕಾಳಿಗೆ ಹತ್ತುವಷ್ಟು ಅದು ಒಡೆದ ಬೇಳೆಗೆ ಹತ್ತುವುದಿಲ್ಲ. ಬೇಳೆಯನ್ನು ಗಾಳಿಯಾಡದ ಒಳಪದರವಿರುವ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲಿಡಿ. ಗೋಡೆಗೆ ತಾಗಿಸಬೇಡಿ.

ಗೋಡೆಯ ಮೇಲಿನ ಲೆಕ್ಕ

ಇದು ಒಂದು ಕ್ವಿಂಟಲ್‌ನ ಮಾದರಿ. ತೊಗರಿಗೆ 2025-26ರ ಬೆಂಬಲ ಬೆಲೆ 8,000 ರೂಪಾಯಿ ಹಿಡಿದಿದೆ, ಉಳಿದ ಅಂಕಿಗಳ ಜಾಗದಲ್ಲಿ ನಿಮ್ಮೂರಿನ ಖರ್ಚು ಬರೆಯಿರಿ.

ತೊಗರಿ: 8,000
ಹಸನು ಮಾಡುವ, ಒಣಗಿಸುವ ಕೂಲಿ: 300
ಎಣ್ಣೆ: 80
ಕರೆಂಟ್, ರೋಲರ್ ಸವಕಳಿ: 250
ಚೀಲ: 150
ಪೇಟೆಗೆ ಸಾಗಣೆ: 150
ಪೇಟೆಯಲ್ಲಿ ಹಂಚುವವರಿಗೆ: 400
ದುಡ್ಡಿಗೆ ಕಾಯುವ ಬೆಳೆಗಾರರ ಬಡ್ಡಿ, ರಿಪೇರಿ ನಿಧಿ: 300
ಒಟ್ಟು: 9,630
ಕಳೆಯಿರಿ, ನುಚ್ಚು 5 ಕಿಲೋ (50ರಂತೆ) 250, ಹೊಟ್ಟು ಮತ್ತು ಚುನಿ 20 ಕಿಲೋ (18ರಂತೆ) 360
ಉಳಿದದ್ದು: 9,020

70 ಕಿಲೋ ಬೇಳೆಗೆ ಹಂಚಿದರೆ ಕಿಲೋಗೆ 129 ರೂಪಾಯಿ. ಬೇಳೆ 65 ಕಿಲೋಗೆ ಇಳಿದು ಆ ಐದು ಕಿಲೋ ನುಚ್ಚಾಗಿ ಹೋದರೆ ದರ 135. ಕಾಳು ವಿಂಗಡಿಸುವ ಅರ್ಧ ದಿನದ ಕೂಲಿ ಉಳಿಸಲು ಹೋಗಿ ಕಿಲೋಗೆ ಆರು ರೂಪಾಯಿ ಕಳೆದುಕೊಳ್ಳುವುದು ಹೀಗೆ.

ಊರಲ್ಲೇ ಕೊಳ್ಳುವ, ಹೊಲವಿಲ್ಲದ ಮನೆಗಳಿಗೆ ಸಾಗಣೆ, ಹಂಚಿಕೆಯ 550 ತೆಗೆದು ಲೆಕ್ಕ ಹಾಕಿ: 121 ರೂಪಾಯಿ. ಇದು ಧರ್ಮಕ್ಕೆ ಕೊಟ್ಟದ್ದಲ್ಲ, ನಿಜವಾದ ಖರ್ಚು. ತೊಗರಿ ಕೊಯ್ದು, ಬಡಿದು, ಹಸನು ಮಾಡಿದವರು ಅವರೇ, ಅವರ ಮನೆಯ ಬ್ಯಾಳಿಗೆ ಪೇಟೆಯ ದರ ಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಹಸನು ಮಾಡುವ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡಿ, ಕಿಲೋ ಲೆಕ್ಕದಲ್ಲಿ ಬೇಡ. ಕಿಲೋ ಲೆಕ್ಕದ ಅವಸರದಲ್ಲಿ ಕಲ್ಲು ಉಳಿಯುತ್ತದೆ.

ದರದ ಕರಾರು ಬಿತ್ತನೆಗೆ ಮೊದಲೇ, ಕಾರ ಹುಣ್ಣಿಮೆಯ ಹೊತ್ತಿಗೆ, ಬರಹದಲ್ಲಿ ಆಗಲಿ. ತೊಗರಿಯ ಧಾರಣೆ ನಂಬುವಂಥದ್ದಲ್ಲ. 2024ರ ಆರಂಭದಲ್ಲಿ ಕ್ವಿಂಟಲ್‌ಗೆ 10,000 ದಾಟಿದ್ದು ವರ್ಷ ತಿರುಗುವುದರೊಳಗೆ ಬೆಂಬಲ ಬೆಲೆಗಿಂತ ಕೆಳಗೆ ಬಂತು. ಆದ್ದರಿಂದ ಕರಾರು ಹೀಗಿರಲಿ: ಗಂಜ್ ಧಾರಣೆ ಎಷ್ಟೇ ಬಿದ್ದರೂ ಬೆಳೆದವರಿಗೆ ಬೆಂಬಲ ಬೆಲೆ, ಮೇಲೇರಿದರೆ ಏರಿದ್ದರಲ್ಲಿ ಅರ್ಧ ಬೆಳೆದವರಿಗೆ, ಅರ್ಧದ ಉಳಿತಾಯ ಉಣ್ಣುವವರಿಗೆ. ಧಾರಣೆ 10,000 ಆದರೆ ಸಂಘ 9,000 ಕೊಡುತ್ತದೆ, ಬೇಳೆ 143 ಆಗುತ್ತದೆ. ಯಾವ ದಿನದ ಧಾರಣೆ ಎಂಬುದನ್ನೂ ಬರೆಯಿರಿ. ಜನವರಿ ಮೂರನೇ ವಾರದ ಕಲಬುರಗಿ ಎಪಿಎಂಸಿ ಸರಾಸರಿ ಎಂದು ಗೊತ್ತುಮಾಡದಿದ್ದರೆ ಒಬ್ಬೊಬ್ಬರೂ ಒಂದೊಂದು ದಿನದ ಚೀಟಿ ಹಿಡಿದು ಬರುತ್ತಾರೆ.

ದುಡ್ಡು ಎಲ್ಲಿಂದ?

ಮನೆಬಳಕೆಯ 52 ಕ್ವಿಂಟಲ್‌ಗೆ ಕೈಯಲ್ಲಿ ದುಡ್ಡು ಬೇಕಿಲ್ಲ. ಅವರವರ ತೊಗರಿ, ಅವರವರ ಬೇಳೆ, ಅವರವರ ಹೊಟ್ಟು. ಬೀಸಿದ ಕೂಲಿ ಕೊಟ್ಟು ಒಯ್ಯುತ್ತಾರೆ. ಪೇಟೆಯ 86 ಕ್ವಿಂಟಲ್‌ಗೆ ಮಾತ್ರ 6.88 ಲಕ್ಷ ಬೇಕು. ಅದನ್ನು ಸಾಲ ಮಾಡಿ ಒಮ್ಮೆಲೇ ಕೊಡಲು ಹೋದ ಸಂಘ ಬಡ್ಡಿಯಲ್ಲೇ ಸೋಲುತ್ತದೆ. ಪೇಟೆಯ ನೂರು ಮನೆಯವರು ಮೂರು ತಿಂಗಳಿಗೊಮ್ಮೆ 15 ಕಿಲೋದ ದುಡ್ಡನ್ನು ಮುಂಗಡ ಕೊಡಲಿ. ಪ್ರತಿ ಕಂತಿಗೆ 1,93,500 ರೂಪಾಯಿ ಬರುತ್ತದೆ, ಆ ಕಂತಿನ ತೊಗರಿಗೂ ಖರ್ಚಿಗೂ ಅದು ಸರಿಹೋಗುತ್ತದೆ. ಬೀಸುವ ಖರ್ಚು ಮಾತ್ರ ಬೇಸಿಗೆಯಲ್ಲೇ ಬೀಳುವುದರಿಂದ ಮನೆಗೆ 2,000 ಶೇರು ಹಾಕಿ 80,000 ಕೂಡಿಸಿ. ಹೊಲವಿಲ್ಲದವರು ಶೇರನ್ನು ಕೆಲಸದ ಮೂಲಕ ತುಂಬಲಿ, ಮತ ಎಲ್ಲರದ್ದೂ ಒಂದೇ.

ಜನವರಿಯ ಮೊದಲ ಕಂತು ಯಾರಿಗೆ ಎಂಬುದರಲ್ಲೇ ಸಂಘದ ನಿಯತ್ತು ಕಾಣುತ್ತದೆ. ಎರಡು ಎಕರೆಗಿಂತ ಕಡಿಮೆ ಇರುವವರು, ಪಾಲಿಗೆ ಅಥವಾ ಲಾವಣಿಗೆ (ಗುತ್ತಿಗೆಗೆ) ಮಾಡಿದವರು ಮೊದಲು. ದೊಡ್ಡ ಹಿಡುವಳಿಯವರು ಏಪ್ರಿಲ್, ಜುಲೈ, ಅಕ್ಟೋಬರ್‌ವರೆಗೆ ಕಾಯಲಿ, ಕಾದ ತಿಂಗಳಿಗೆ ಕ್ವಿಂಟಲ್‌ಗೆ 40 ರೂಪಾಯಿ ಸೇರಿಸಿ ಕೊಡಿ. ನಾಲ್ಕು ಕಂತಿನ ಸರಾಸರಿ ಕಾಯುವಿಕೆ ನಾಲ್ಕೂವರೆ ತಿಂಗಳು, ಅಂದರೆ 180 ರೂಪಾಯಿ. ಮೇಲಿನ 300ರ ನಿಧಿಯಲ್ಲಿ ಅದು ಕೂತು, 120 ರಿಪೇರಿಗೆ ಉಳಿಯುತ್ತದೆ.

ಬಡವರ ತುತ್ತನ್ನು ಮೊದಲು ಎಣಿಸುವ ಕ್ರಮಕ್ಕೆ ಬೀದರ್ ಗಡಿಗೆ ಹೊಂದಿಕೊಂಡ, ತೆಲಂಗಾಣದ ಜಹೀರಾಬಾದ್ ಕಡೆಯ ಹಳ್ಳಿಗಳಲ್ಲಿ ಒಳ್ಳೆಯ ಮಾದರಿ ಇದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳು ಹೊಲಗಳಿಗೆ ಸಾಲ ಕೊಟ್ಟು, ಸಾಲವನ್ನು ಜೋಳದ ರೂಪದಲ್ಲಿ ವಾಪಸು ಪಡೆದು, ಆ ಕಾಳನ್ನು ಊರವರೇ ಗುರುತಿಸಿದ ಬಡ ಮನೆಗಳಿಗೆ ಕಡಿಮೆ ದರಕ್ಕೆ ಕೊಟ್ಟವು. ಯಾರು ಬಡವರು ಎಂದು ತೀರ್ಮಾನಿಸಿದ್ದು ಊರಿನ ಸಭೆ.

ಮಷಿನ್‌ಗೆ ಪಿಎಂಎಫ್‌ಎಂಇ (ಕಿರು ಆಹಾರ ಘಟಕಗಳಿಗೆ ಕೇಂದ್ರದ) ಯೋಜನೆಯ ಸಹಾಯಧನ, ಸ್ವಸಹಾಯ ಸಂಘಗಳಿಗೆ ಸದಸ್ಯೆಗೆ 40,000ದವರೆಗೆ ಬೀಜಧನ ಇದೆ. ಈ ವರ್ಷ ಅರ್ಜಿ ತೆರೆದಿದೆಯೇ ಎಂದು ಕೃಷಿ ಇಲಾಖೆಯಲ್ಲೋ ಸಂಜೀವಿನಿ ಒಕ್ಕೂಟದಲ್ಲೋ ಕೇಳಿ. ಆದರೆ ಸಹಾಯಧನ ಬರದಿದ್ದರೂ ನಿಲ್ಲುವ ಲೆಕ್ಕ ಇದ್ದರೆ ಮಾತ್ರ ಕೊಳ್ಳಿ. ಮಾರುವ ಬೇಳೆಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು. ಪೇಟೆಯ ವಹಿವಾಟು ವರ್ಷಕ್ಕೆ 7.74 ಲಕ್ಷ, ಜಿಎಸ್‌ಟಿ ನೋಂದಣಿಯ 40 ಲಕ್ಷದ ಮಿತಿಯೊಳಗೇ ಇದೆ. 2019ರಲ್ಲಿ ‘ಗುಲ್ಬರ್ಗ ತೊಗರಿ ಬೇಳೆ’ಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಆದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸದೆ ಆ ಗುರುತನ್ನು ಚೀಲದ ಮೇಲೆ ಹಾಕುವಂತಿಲ್ಲ.

ಪೇಟೆಯ ಮನೆಗಳನ್ನು ಒಂದೇ ಬಡಾವಣೆ, ಒಂದೇ ಕಚೇರಿ ಎಂದು ಗುಂಪಾಗಿ ಹಿಡಿಯಿರಿ. ಚದುರಿದ ನೂರು ಮನೆಗೆ ಸಾಗಣೆಯಲ್ಲೇ ಲಾಭ ಕರಗುತ್ತದೆ. ಮಠದ ದಾಸೋಹ, ಖಾಸಗಿ ಹಾಸ್ಟೆಲ್ ಒಳ್ಳೆಯ ಗಿರಾಕಿಗಳು, ನುಚ್ಚು ಕೂಡ ಅಲ್ಲಿ ಖರ್ಚಾಗುತ್ತದೆ. ಉದ್ದರಿ ಮಾತ್ರ ಯಾರಿಗೂ ಬೇಡ. ನಮ್ಮ ಬೇಳೆ ದೊಡ್ಡ ಮಿಲ್‌ನದ್ದರಂತೆ ಥಳಥಳಿಸುವುದಿಲ್ಲ, ಅಲ್ಲಲ್ಲಿ ಸಿಪ್ಪೆಯ ಚುಕ್ಕಿ ಇರುತ್ತದೆ ಎಂದು ಮುಂಗಡ ತೆಗೆದುಕೊಳ್ಳುವಾಗಲೇ ಹೇಳಿ, ಒಂದು ಹಿಡಿ ಕೈಗೆ ಕೊಡಿ, ಬೇಯಿಸಿ ನೋಡಲಿ.

ಬೀಜ

ಗಿರಣಿಗೆ ಹಾಕುವ ಮುನ್ನ ಬೀಜ ಎತ್ತಿಡಿ. ರೋಗವಿಲ್ಲದ ಹೊಲದ, ಮೊದಲ ರಾಶಿಯ ತುಂಬಿದ ಕಾಳು, ಎಕರೆಗೆ 5 ಕಿಲೋ. ನಲವತ್ತು ಎಕರೆಗೆ ಎರಡು ಕ್ವಿಂಟಲ್, ಮರುಬಿತ್ತನೆಗೆ ಇನ್ನೊಂದು. ಚೆನ್ನಾಗಿ ಒಣಗಿಸಿ, ಕಿಲೋಗೆ 5 ಮಿಲಿಲೀಟರ್ ತಿನ್ನುವ ಎಣ್ಣೆ ಸವರಿ ಡಬ್ಬಿಯಲ್ಲಿ ಮುಚ್ಚಿದರೆ ಹುಳುವಿನ ಮೊಟ್ಟೆ ಒಡೆಯುವುದಿಲ್ಲ. ಮೇ ಕೊನೆಯಲ್ಲಿ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ, ಆರನೇ ದಿನ ಬಿಚ್ಚಿ ನೋಡಿ. ಎಪ್ಪತ್ತೈದು ಮೊಳೆತಿದ್ದರೆ ಎಕರೆಗೆ ಐದು ಕಿಲೋ ಸಾಕು, ಅರವತ್ತಾದರೆ ಆರೂಕಾಲು ಕಿಲೋ ಬಿತ್ತಿ. ಐವತ್ತಕ್ಕಿಂತ ಇಳಿದಿದ್ದರೆ ಮರುಬಿತ್ತನೆಯ ಡಬ್ಬಿ ತೆರೆದು ಅದನ್ನೂ ಹೀಗೇ ಪರೀಕ್ಷಿಸಿ. ಮೊಳೆಯದ ಬೀಜಕ್ಕೆ ಎಣ್ಣೆ ಬಿಟ್ಟು ಬೇರೇನೂ ಸವರಿಲ್ಲದಿದ್ದರೆ ಗಿರಣಿಗೆ ಹಾಕಬಹುದು. ಔಷಧಿ ಸವರಿದ್ದರೆ ಮನುಷ್ಯರಿಗೂ ಬೇಡ, ದನಕ್ಕೂ ಬೇಡ, ಗುಂಡಿ ತೆಗೆದು ಹೂಳಿಬಿಡಿ.